ಮಾವನ ಟ್ರ್ಯಾಕ್ಟರಿಗೊಂದು ಮುಚ್ಚಳ

“ಮೂವತ್ತೆರಡು ವರ್ಷ ಸರ್ಕಾರದ ನಕ್ಷೆ ಬರೆದ ಕೈ ಕಣೇ ಇದು! ಎಷ್ಟು ಬೆಟ್ಟ, ಎಷ್ಟು ಹೊಳೆ, ಎಷ್ಟು ಸೇತುವೆ ಈ ಬೆರಳ ತುದೀಲಿ ಹಾದುಹೋಗಿವೆ! ಒಂದು ಯಃಕಶ್ಚಿತ್ ಟ್ರ್ಯಾಕ್ಟರ್ ಮುಚ್ಚಳ ನನ್ನ ಕೈಲಿ ಆಗಲ್ವಾ?”

ಸ್ಕೇಲಪ್ಪನವರು ಹೀಗೆ ಘರ್ಜಿಸಿದ ರಭಸಕ್ಕೆ ಕೈಯಲ್ಲಿದ್ದ ಕಾಫಿ ತುಳುಕಿ, ಹೆಂಡತಿ ಹೊಲಿಯುತ್ತಿದ್ದ ಗಿರಾಕಿಯ ಬಿಳಿ ಅಂಗಿಯ ಮೇಲೆ ಬಿತ್ತು. ಪ್ರತಿಜ್ಞೆಗೆ ಮೊದಲ ಬಲಿ!

ಸ್ಕೇಲಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಜೇಬಿನಲ್ಲಿ ಸ್ಕೇಲಿಲ್ಲದೆ ಮನೆಯಿಂದ ಹೊರಬೀಳದ ಮನುಷ್ಯನಿಗೆ ಆಫೀಸಿನವರು ದಯಪಾಲಿಸಿದ ಬಿರುದು. ನಿವೃತ್ತರಾದ ಮೇಲೆ ಅಳೆಯಲು ಏನೂ ಸಿಗದೆ ಮನೆಯ ಬಾಗಿಲು, ಕಿಟಕಿ, ಬಕೆಟ್ಟಿನ ಬಾಯಿ, ಕೊನೆಗೆ ಮಲಗಿದ್ದ ಬೆಕ್ಕಿನ ಬಾಲವನ್ನೂ ಅಳೆದು ಮುಗಿಸಿದ್ದರು. ಮುಂದಿನ ಕೋಣೆಯಲ್ಲಿ ಟೈಲರ್ ಅಂಗಡಿ ನಡೆಸುತ್ತಿದ್ದ ಹೆಂಡತಿ ಮಾತ್ರ ತನ್ನ ಟೇಪನ್ನು ಅವರ ಕೈಗೆ ಕೊಡುತ್ತಿರಲಿಲ್ಲ.

ವಿಷಯ ಇಷ್ಟೇ. ಹಿತ್ತಲಿನ ಶೆಡ್ಡಿನಲ್ಲಿ ಮಾವನವರ ಕಾಲದ ಟ್ರ್ಯಾಕ್ಟರೊಂದು ನಿಂತಿತ್ತು. ಅದನ್ನು ತಯಾರಿಸಿದ ಕಂಪನಿಯೇ ಬಾಗಿಲು ಹಾಕಿಕೊಂಡು ನಲವತ್ತು ವರ್ಷವಾಗಿತ್ತು. ಶೆಡ್ಡಿನಲ್ಲಿ ಹೆಂಡತಿಯ ಅಣ್ಣನಿಗೂ ಪಾಲಿತ್ತು. ಅವನಿಗೀಗ ಸಿಮೆಂಟ್ ಮೂಟೆ ಇಡಲು ಜಾಗ ಬೇಕಾಗಿತ್ತು. “ಮೂರು ವಾರ ಟೈಮ್ ಕೊಡ್ತೀನಿ ಭಾವ. ಅದು ತಾನಾಗೇ ಶೆಡ್ಡಿನಿಂದ ಆಚೆ ಬಂದ್ರೆ ನಿಮ್ಮ ಹತ್ರಾನೇ ಇಟ್ಕೊಳ್ಳಿ. ಇಲ್ಲಾಂದ್ರೆ ಗುಜರಿಯವನು ಎತ್ಕೊಂಡು ಹೋಗ್ಲಿ,” ಎಂದು ಹೇಳಿ ಹೋಗಿದ್ದ.

ಆ ಸಂಜೆ ಹೆಂಡತಿ ಒಂದು ಅಂಗಿಗೆ ಎರಡೂ ಎಡಗೈ ತೋಳನ್ನೇ ಹೊಲಿದಿಟ್ಟಳು. ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪ ಅವಳಿಗೆ ಓಡಿಸಲು ಕಲಿಸಿದ್ದು ಅದೇ ಟ್ರ್ಯಾಕ್ಟರಿನಲ್ಲಿ. “ಅಪ್ಪನ ಧ್ವನೀನೇ ಮರೆತುಹೋಗಿದೆ ರೀ. ಅದರ ಸದ್ದು ಮಾತ್ರ ಇನ್ನೂ ಕಿವೀಲಿದೆ,” ಎಂದು ಕಣ್ಣೊರೆಸಿಕೊಂಡಳು. ಸ್ಕೇಲಪ್ಪನವರು ಮರುದಿನವೇ ಮೆಕ್ಯಾನಿಕ್‌ಗೆ ಹೇಳಿಕಳಿಸಿದರು. ಪ್ರತಿಜ್ಞೆಗೆ ಬೀಜ ಬಿದ್ದದ್ದು ಅಲ್ಲೇ.

ಮೆಕ್ಯಾನಿಕ್ ಬಂದು ಎಂಜಿನ್ನಿನೊಳಗೆ ತಲೆ ತೂರಿಸಿ ಹೇಳಿದ: “ಎಂಜಿನ್ ಗಟ್ಟಿಮುಟ್ಟಾಗಿದೆ ಸಾರ್. ನೀರಿನ ಪಂಪಿನ ಮುಚ್ಚಳ ಮಾತ್ರ ಎರಡು ಹೋಳಾಗಿದೆ, ವೆಲ್ಡಿಂಗ್ ನಿಲ್ಲಲ್ಲ. ಹೊಸದೊಂದು ತಂದ್ಬಿಡಿ, ಸ್ಟಾರ್ಟ್ ಮಾಡೋದು ನನಗೆ ಬಿಡಿ.”

ತಂದ್ಬಿಡಿ! ಎಷ್ಟು ಸಲೀಸು! ಎರಡು ಹೋಳನ್ನು ಚೀಲದಲ್ಲಿ ಹಾಕಿಕೊಂಡು ಸ್ಕೇಲಪ್ಪನವರು ಐದು ಅಂಗಡಿ ಸುತ್ತಿದರು. ಒಬ್ಬ “ಈ ಟ್ರ್ಯಾಕ್ಟರ್ ಫೋಟೋನೂ ನೋಡಿಲ್ಲ ಸಾರ್” ಎಂದ. ಇನ್ನೊಬ್ಬ ಹೋಳುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅಂಗಡಿಯವರನ್ನೆಲ್ಲ ಕರೆದು ತೋರಿಸಿ, ಭಕ್ತಿಯಿಂದ ವಾಪಸ್ ಕೊಟ್ಟ. ಐದನೆಯವನು ನಕ್ಕೇಬಿಟ್ಟ. “ಇದನ್ನ ಅಂಗಡೀಲಿ ಕೇಳೋದಲ್ಲ ಸಾರ್, ಮ್ಯೂಸಿಯಂನಲ್ಲಿ ಕೇಳಬೇಕು!”

ಸಿಗದಿದ್ದರೆ ಬಿಡಿ, ಮಾಡಿಸಿದರಾಯಿತು! ಕಾಫಿ ತುಳುಕಿಸಿದ ಆ ಘರ್ಜನೆ ಹೊರಟಿದ್ದು ಆವತ್ತೇ. ಬಡಗಿ ಮರದಲ್ಲಿ ಮಾದರಿ ಕಡೆಯಬೇಕು. ಫೌಂಡ್ರಿಯವನು ಅದನ್ನು ಮರಳಿನಲ್ಲಿ ಒತ್ತಿ, ಆ ಗುಂಡಿಗೆ ಕರಗಿದ ಕಬ್ಬಿಣ ಸುರಿಯಬೇಕು. ಆದರೆ ಎಲ್ಲಕ್ಕೂ ಮೊದಲು ಬೇಕಾದದ್ದು ನಕ್ಷೆ! ಸ್ಕೇಲಪ್ಪನವರು ಎರಡು ದಿನ ಊಟ ಮರೆತು ಬರೆದರು. ಎದುರಿನಿಂದ, ಪಕ್ಕದಿಂದ, ಮೇಲಿನಿಂದ, ನೆರಳು ಸಮೇತ! ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವಷ್ಟು ಚೆಂದ. ಕಾಯ್ದ ಕಬ್ಬಿಣ ಆರಿದಾಗ ಕುಗ್ಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಆರಂಗುಲದ ಮುಚ್ಚಳಕ್ಕೆ ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಭಾಗ, ಹೆಚ್ಚಿಗೆ ಸೇರಿಸಿದರು. ಯಾರಿಗೂ ಹೇಳಲಿಲ್ಲ. ಇಂಥ ಸೂಕ್ಷ್ಮ ಇವರಿಗೆಲ್ಲ ಎಲ್ಲಿ ತಿಳಿಯಬೇಕು!

ನಾಲ್ಕು ದಿನಕ್ಕೆ ಮುಚ್ಚಳ ಬಂತು. ಎಂಜಿನ್ನಿಗೆ ಹಿಡಿದರೆ ಬೋಲ್ಟಿನ ಒಂದು ತೂತೂ ಕೂಡುತ್ತಿಲ್ಲ. ಅಡ್ಡಳತೆಯಲ್ಲಿ ಹತ್ತಿರಹತ್ತಿರ ಮುಕ್ಕಾಲು ಅಂಗುಲ ದೊಡ್ಡದು!

“ಚೆನ್ನಾಗಿದೆ ರೀ,” ಎಂದಳು ಹೆಂಡತಿ. “ತಲೆ ಮೇಲೆ ಇಟ್ಕೊಂಡು ಬಿಸಿಲಿಗೆ ಹೋಗಬಹುದು.”

ಸ್ಕೇಲಪ್ಪನವರು ಕೆಂಡವಾದರು. ಬಡಗಿಯ ಬಳಿ ಹೋಗಿ, “ನನ್ನ ನಕ್ಷೆಗೆ ನೀನು ಯಾಕೆ ಕೈ ಹಾಕ್ದೆ?” ಎಂದು ಕೂಗಾಡಿದರು. ಅಲ್ಲಿಂದ ಫೌಂಡ್ರಿಗೆ ಹೋಗಿ ಅದನ್ನೇ ಇನ್ನೂ ಜೋರಾಗಿ ಹೇಳಿದರು. ಇಬ್ಬರೂ ಮುಖ ಊದಿಸಿಕೊಂಡರು. ಮನೆಗೆ ಬಂದು, ಎಲ್ಲದಕ್ಕೂ ಇರಲಿ ಎಂದು, ತಾವೇ ಎರಡು ನೂಲು ಕಡಿಮೆ ಮಾಡಿ ಹೊಸ ನಕ್ಷೆ ಬರೆದರು. ಇದನ್ನೂ ಯಾರಿಗೂ ಹೇಳಲಿಲ್ಲ.

ಎರಡನೇ ವಾರ ಎರಡನೇ ಮುಚ್ಚಳ ಬಂತು. ಹೆಂಡತಿ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. “ಮರಿ ಹಾಕಿದೆ ರೀ! ಇರಲಿ ಬಿಡಿ, ಕತ್ತರಿಸೋವಾಗ ಬಟ್ಟೆ ಹಾರದ ಹಾಗೆ ಇಡೋಕೆ ಒಳ್ಳೇ ಭಾರ ಇದೆ.” ನಗುತ್ತಲೇ ಹೇಳಿದಳು. ಆದರೆ ಮಾತು ಮುಗಿಸಿ ಶೆಡ್ಡಿನ ಕಡೆ ನೋಡಿದಾಗ ಆ ನಗು ಇರಲಿಲ್ಲ. ಅಣ್ಣ ಕೊಟ್ಟ ಗಡುವಿನ ಭಾನುವಾರಕ್ಕೆ ಇನ್ನು ಎಂಟೇ ದಿನ. ಸ್ಕೇಲಪ್ಪನವರು ಇಂಗು ತಿಂದ ಮಂಗನಂತೆ ಕುರ್ಚಿಯಲ್ಲಿ ಕುಸಿದರು.

“ನನ್ನ ಕೈಲಿ ಆಗಲ್ಲ ಕಣೇ,” ಎಂದರು. ಮೂವತ್ತೆರಡು ವರ್ಷದಲ್ಲಿ ಅವರ ಬಾಯಿಂದ ಬಾರದಿದ್ದ ಮಾತು!

ಮರುದಿನ ಬೆಳಿಗ್ಗೆ ನೋಡಿದರೆ ಬಡಗಿಯೂ ಫೌಂಡ್ರಿಯವನೂ ಹೊಲಿಗೆ ಯಂತ್ರದ ಎದುರಿನ ಬೆಂಚಿನಲ್ಲಿ ಕೂತಿದ್ದಾರೆ. ಹೆಂಡತಿಯೇ ಹೇಳಿಕಳಿಸಿದ್ದಳು. “ನೀವೂ ಕೂತ್ಕೊಳ್ಳಿ,” ಎಂದು ಗಂಡನಿಗೂ ಜಾಗ ತೋರಿಸಿ ವಿಚಾರಣೆ ಶುರು ಮಾಡಿದಳು.

“ಮೊದಲನೇದಕ್ಕೆ ಯಾರ್ಯಾರು ಎಷ್ಟೆಷ್ಟು ಸೇರಿಸಿದ್ರಿ? ನಿಜ ಹೇಳಿ.”

“ಒಂದು ನೂಲು,” ಎಂದರು ಸ್ಕೇಲಪ್ಪನವರು, ನೆಲ ನೋಡುತ್ತ.

“ಕಬ್ಬಿಣ ಕುಗ್ಗುತ್ತಲ್ಲ ಅಕ್ಕ, ಅದಕ್ಕೆ ಎರಡು ನೂಲು. ಮರಾನೂ ಒಣಗುತ್ತೆ, ಅದಕ್ಕೆ ಇನ್ನೊಂದು,” ಎಂದ ಬಡಗಿ.

ಫೌಂಡ್ರಿಯವನು ತಲೆ ಕೆರೆದುಕೊಂಡ. “ಸಾರ್‌ಗೆ ಕಬ್ಬಿಣದ ಗುಣ ಗೊತ್ತಿರಲ್ಲ ಅಂತ ನಾನು ಮರಳಲ್ಲಿ ಮಾದರೀನ ಚೆನ್ನಾಗಿ ಅಲ್ಲಾಡಿಸಿ ಗುಂಡಿ ದೊಡ್ಡದು ಮಾಡ್ದೆ ಅಕ್ಕ. ಎರಡು ನೂಲು ಆಗಿರಬಹುದು.”

“ಎರಡನೇದಕ್ಕೆ?”

“ಬೈಸ್ಕೊಂಡ ಸಿಟ್ಟಿಗೆ ಎರಡು ನೂಲು ಜಾಸ್ತಿ ಕೆತ್ತಿದೆ,” ಎಂದ ಬಡಗಿ. “ನಾನು ಅಲ್ಲಾಡಿಸಲೇ ಇಲ್ಲ,” ಎಂದ ಫೌಂಡ್ರಿಯವನು.

ಹೆಂಡತಿ ಹಣೆ ಚಚ್ಚಿಕೊಂಡಳು. “ಅಲ್ರೀ, ಒಂದು ಅಂಗಿಗೆ ಅಳತೆ ತಗೊಂಡೋಳು ಮಾರ್ಜಿನ್ ಬಿಟ್ಟು, ಕತ್ತರಿಸೋಳು ಮಾರ್ಜಿನ್ ಬಿಟ್ಟು, ಹೊಲಿಯೋಳೂ ಮಾರ್ಜಿನ್ ಬಿಟ್ರೆ ಅದು ಅಂಗಿ ಆಗುತ್ತಾ? ಡೇರೆ ಆಗುತ್ತೆ! ಮೂರು ಜನ ಗಂಡಸರು, ಮೂರು ಜನಕ್ಕೂ ಬಾಯಿದೆ. ಒಬ್ಬರನ್ನೊಬ್ಬರು ಒಂದು ಮಾತು ಕೇಳೋಕೆ ಏನಾಗಿತ್ತು?”

ಬೆಂಚಿನ ಮೇಲೆ ಮೂರು ತಲೆ ಒಟ್ಟಿಗೆ ಬಗ್ಗಿದವು.

“ಸರಿಯಾಗಿ ಎಷ್ಟು ಕುಗ್ಗುತ್ತೆ?”

“ಅಡಿಗೆ ಒಂದು ನೂಲು ಅಕ್ಕ,” ಎಂದ ಫೌಂಡ್ರಿಯವನು.

“ಹಾಗಾದ್ರೆ ಆರಂಗುಲಕ್ಕೆ ಅರ್ಧ ನೂಲು. ಅದನ್ನ ಬಡಗಿಯಣ್ಣ ಸೇರಿಸ್ಲಿ. ಮಿಕ್ಕವರು ಕೈ ಕಟ್ಕೊಂಡಿರಿ!” ಒಡೆದ ಹೋಳುಗಳನ್ನು ಜೋಡಿಸಿ, ತನ್ನ ಟೇಪಿನಲ್ಲಿ ತಾನೇ ಅಳೆದು ಚೀಟಿ ಬರೆದುಕೊಟ್ಟಳು. ಮರದ ಮಾದರಿ ತಯಾರಾದ ಮೇಲೆ ಅದರ ಬೆನ್ನಿಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಳು: ‘ಮಾರ್ಜಿನ್ ಬಿಟ್ಟಾಗಿದೆ. ಯಾರೂ ಮುಟ್ಟಬೇಡಿ.’

ಮೂರನೇ ಮುಚ್ಚಳ ಶನಿವಾರ ಬಂತು. ಬೋಲ್ಟುಗಳು ಅವರವರ ಮನೆಗೆ ಅವರವರು ಹೋದ ಹಾಗೆ ಸಲೀಸಾಗಿ ಒಳಗೆ ಹೋದವು. ಸ್ಕೇಲಪ್ಪನವರು ತುಂಬಿ ಬಂದ ಕಣ್ಣೊರೆಸಿಕೊಂಡು, ಧೂಳು ಬಿತ್ತು ಎಂದು ಸುಳ್ಳು ಹೇಳಿದರು.

ಭಾನುವಾರ ಅಣ್ಣ ಬಂದ, ಜೊತೆಗೆ ಗುಜರಿಯವನು. ಹೆಂಡತಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಸೀಟಿನ ಮೇಲೆ ಹತ್ತಿದಳು. ಮೆಕ್ಯಾನಿಕ್ ಎಂಜಿನ್ನಿನ ಮುಂದಿದ್ದ ಹಿಡಿ ತಿರುಗಿಸಿದ. ಒಂದು ಸಲ ಕೆಮ್ಮಿತು, ಎರಡು ಸಲ ಸೀನಿತು, ಮೂರನೇ ಸಲ ಡಗಡಗಡಗ ಎಂದು ಇಡೀ ಬೀದಿ ಅದುರುವ ಹಾಗೆ ಸದ್ದು ಹೊರಟಿತು! ಹೆಂಡತಿ ಕಣ್ಣು ಮುಚ್ಚಿ ಒಂದು ಗಳಿಗೆ ಆ ಸದ್ದು ಕೇಳಿದಳು. ಆಮೇಲೆ ಗೇರ್ ಹಾಕಿದಳು.

ಟ್ರ್ಯಾಕ್ಟರ್ ಗಂಭೀರವಾಗಿ ಶೆಡ್ಡಿನಿಂದ ಆಚೆ ಬಂತು. ಸ್ಕೇಲಪ್ಪನವರು ಅಂಗಳದ ನಡುವೆ ಎದೆ ಸೆಟೆಸಿ, ಭಾವಮೈದುನನ ಕಡೆ ಮೀಸೆ ತಿರುವುತ್ತ ನಿಂತಿದ್ದರು.

“ರೀ, ಪಕ್ಕಕ್ಕೆ ಸರೀರಿ!”

“ಇರಲಿ ಬಾರೇ, ಧೈರ್ಯವಾಗಿ ಬಾ!”

“ಬ್ರೇಕ್ ಹಿಡೀತಿಲ್ಲ ರೀ!”

ಎಂಜಿನ್ ನೋಡಿದ್ದರು, ಪಂಪು ನೋಡಿದ್ದರು, ಮುಚ್ಚಳವನ್ನಂತೂ ಮೂರು ಸಲ ನೋಡಿದ್ದರು. ಬ್ರೇಕನ್ನು ಒಬ್ಬರೂ ನೋಡಿರಲಿಲ್ಲ! ಸ್ಕೇಲಪ್ಪನವರು ಹಾರಿ ಗೊಬ್ಬರದ ಗುಂಡಿಗೆ ಬಿದ್ದರು. ಟ್ರ್ಯಾಕ್ಟರ್ ಬೇಲಿ ಮುರಿದು, ಬೀದಿ ದಾಟಿ, ಎದುರಿನ ಖಾಲಿ ಜಾಗಕ್ಕೆ ನುಗ್ಗಿತು. ಅಣ್ಣ ಹಿಂದೆ ಓಡುತ್ತ ಅರಚಿದ: “ಶೆಡ್ಡಿನಿಂದ ಆಚೆ ಬರ್ಲಿ ಅಂದಿದ್ದೆ ಕಣೇ, ಊರಿನಿಂದ ಆಚೆ ಅಲ್ಲ!”

ಹೆಂಡತಿ ಡೀಸೆಲ್ ಬಂದ್ ಮಾಡಿ, ಪೊದೆಯೊಂದಕ್ಕೆ ಮೂತಿ ಒತ್ತಿ ನಿಲ್ಲಿಸಿದಳು. ಕೆಳಗಿಳಿದಾಗ ಮುಖವೆಲ್ಲ ಮಸಿ, ಬಾಯಿ ತುಂಬ ನಗು. ಅಣ್ಣ ಏದುಸಿರು ಬಿಡುತ್ತ ಗುಜರಿಯವನಿಗೆ ಕೈಮುಗಿದು, “ನೀನು ಹೋಗಪ್ಪ, ಇದು ಇಲ್ಲೇ ಇರುತ್ತೆ,” ಎಂದ.

ಗೊಬ್ಬರದ ಗುಂಡಿಯಿಂದ ಎದ್ದು ಬಂದ ಸ್ಕೇಲಪ್ಪನವರು ಜೇಬು ತಡಕಿ ಸ್ಕೇಲು ಹೊರತೆಗೆದರು. ಅದು ಎರಡು ತುಂಡಾಗಿತ್ತು. “ಬ್ರೇಕಿಗೊಂದು ನಕ್ಷೆ ಬರೀಲೇನೇ?” ಎಂದು ಮೆಲ್ಲಗೆ ಕೇಳಿದರು.

ಹೆಂಡತಿ ಅವರ ಭುಜದ ಮೇಲಿನ ಗೊಬ್ಬರ ಕೊಡವಿದಳು. “ಬರೀರಿ. ಆದ್ರೆ ಅಳತೆ ನಾನು ತಗೋತೀನಿ.”