ಹನ್ನೆರಡನೆಯ ಹುಳ

ನಮ್ಮ ಮನೆಯ ಕಂಪ್ಯೂಟರಿಗೆ ಕಾಯಿಲೆ ಬಂದಾಗ, ಮನೆಯಲ್ಲೇ ಒಬ್ಬ ವೈದ್ಯನಿದ್ದಾನೆಂಬುದನ್ನು ಎಲ್ಲರೂ ಮರೆತುಬಿಟ್ಟಿದ್ದರು. ಆ ವೈದ್ಯ ನಾನು. ಆಫೀಸಿನಲ್ಲಿ ಎರಡು ದಿನ ಮೂಕವಾಗಿ ಕೂತಿದ್ದ ಪ್ರಿಂಟರನ್ನು ಒಂದೇ ನಿಮಿಷದಲ್ಲಿ ಮಾತಾಡಿಸಿದವನು ನಾನೇ. ಪ್ಲಗ್ ಕಳಚಿಕೊಂಡಿತ್ತು, ಸಿಕ್ಕಿಸಿದೆ. ನಗಬೇಡಿ. ಸಿಕ್ಕಿಸಬೇಕೆಂದು ಹೊಳೆದದ್ದು ಯಾರಿಗೆ?

ಕಾಯಿಲೆಯ ಲಕ್ಷಣ ಹೀಗಿತ್ತು. ಏನನ್ನು ತೆರೆದರೂ ಮೊದಲು ಒಂದು ಕೆಂಪು ಕಿಟಕಿ ಹಾರಿ ಬಂದು, ನಾನೊಂದು ಕಾರು ಗೆದ್ದಿದ್ದೇನೆಂದು ಅಭಿನಂದಿಸುತ್ತಿತ್ತು. ಅದನ್ನು ಮುಚ್ಚಿದರೆ ಇನ್ನೆರಡು ಕಾರು. ನನ್ನ ಹೆಂಡತಿ ಕಂಪ್ಯೂಟರಿನಲ್ಲೇ ಚಿತ್ರ ಬರೆಯುವವಳು. ಅವಳು ಒಂದು ಗೆರೆ ಎಳೆದು, ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೆ, ಆಗ ಗೆರೆ ಪರದೆಯ ಮೇಲೆ ನಿಧಾನವಾಗಿ ಮೂಡುತ್ತಿತ್ತು. ಇಷ್ಟು ವರ್ಷ ಮಾತ್ರೆಯ ಡಬ್ಬಿಗೆ, ಸೋಪಿನ ಪೊಟ್ಟಣಕ್ಕೆ, ಕಂಡವರ ಪುಸ್ತಕಕ್ಕೆಲ್ಲ ಚಿತ್ರ ಬರೆದುಕೊಟ್ಟವಳು, ಎರಡು ವರ್ಷದಿಂದ ಮಕ್ಕಳಿಗಾಗಿ ತನ್ನದೇ ಒಂದು ಪುಸ್ತಕ ಮಾಡುತ್ತಿದ್ದಳು. ಹನ್ನೆರಡು ಪುಟ, ಹನ್ನೆರಡು ಚಿತ್ರ, ಮುಖಪುಟದ ಮೇಲೆ ಮೊದಲ ಬಾರಿಗೆ ಅವಳ ಹೆಸರು.

ಆ ದಿನ ಸಂಜೆ ಐದಕ್ಕೆ ಪುಸ್ತಕ ಪ್ರಕಾಶಕಿಯ ಕೈಸೇರಬೇಕಿತ್ತು. ತಪ್ಪಿದರೆ ಈ ವರ್ಷದ ಪಟ್ಟಿಯಲ್ಲಿ ಜಾಗವಿಲ್ಲ, ಮುಂದಿನ ವರ್ಷದ ಮಾತು ಈಗಲೇ ಹೇಳಲಾಗದು ಎಂದು ಆಕೆ ಮೊದಲೇ ತಿಳಿಸಿದ್ದರು. ಹೆಂಡತಿ ಶಾಲೆಯಲ್ಲಿ ಚಿತ್ರಕಲೆಯ ಪಾಠ ಮಾಡಲು ಹೊರಟಿದ್ದಳು. ನನಗೆ ರಜೆ.

“ರೀ, ಚಿತ್ರ ಎಲ್ಲ ಮುಗಿದಿದೆ. ಮೂರು ಗಂಟೆಗೆ ಬಂದು ಇನ್ನೊಂದ್ಸಲ ನೋಡಿ ಕಳಿಸ್ತೀನಿ. ಅಲ್ಲೀವರೆಗೂ ಕಂಪ್ಯೂಟರ್ ಮುಟ್ಟಬೇಡಿ.”

“ನಾನ್ಯಾಕೆ ಮುಟ್ಟಲಿ?”

ಅವಳು ನನ್ನನ್ನೊಮ್ಮೆ, ಕಂಪ್ಯೂಟರನ್ನೊಮ್ಮೆ ನೋಡಿ ಮೆಟ್ಟಿಲಿಳಿದಳು. ಕೆಳಗಿನಿಂದ ಮತ್ತೊಮ್ಮೆ ಅದನ್ನೇ ಕೂಗಿ ಹೇಳಿದಳು.

ನೀವೇ ಹೇಳಿ, ಹೀಗೆ ತಲೆಯಲ್ಲಿ ಹುಳ ಬಿಟ್ಟು ಹೋದರೆ ಗಂಡಸಾದವನು ಸುಮ್ಮನಿರುವುದುಂಟೆ? ಅವಳು ಮೂರಕ್ಕೆ ಬಂದು ಕಳಿಸಲು ಕೂತಾಗ ಯಂತ್ರ ಆಕಳಿಸಿದರೆ? ಆರು ಕಾರುಗಳು ಅಡ್ಡ ನಿಂತರೆ? ಪುಸ್ತಕವನ್ನು ಕಾಪಾಡುವ ಹೊಣೆ ನನ್ನದು ಎಂದು ಮೀಸೆಯ ಮೇಲೆ ಕೈಯಾಡಿಸಿ ಕುರ್ಚಿ ಎಳೆದೆ.

ರೋಗಾಣು ತಂದವರು ಯಾರೆಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ನಮ್ಮತ್ತೆ ದಿನಾ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾರೆ. ಪತ್ತೇದಾರನ ಗತ್ತಿನಲ್ಲಿ ಅವರ ಮುಂದೆ ನಿಂತು, ಇಸ್ಪೀಟಿನ ಜೊತೆಗೆ ಮತ್ತೇನನ್ನಾದರೂ ಒತ್ತಿದ್ದೀರಾ ಎಂದು ವಿಚಾರಣೆ ಮಾಡಿದೆ. ರಾಜ, ರಾಣಿ, ಗುಲಾಮ ಬಿಟ್ಟರೆ ಬೇರೆಯವರ ಸಹವಾಸ ತಮಗಿಲ್ಲ ಎಂದು ಅವರು ಕನ್ನಡಕ ಒರೆಸಿಕೊಂಡರು. ನಾನು ನಂಬಲಿಲ್ಲ.

ಇನ್ನು ರಕ್ಷಣಾ ತಂತ್ರಾಂಶ ಆರಿಸುವ ಕೆಲಸ. ಯಾವುದು ಒಳ್ಳೆಯದೆಂದು ಹುಡುಕಿದರೆ, ಹತ್ತು ಜನ ಹತ್ತು ಪಟ್ಟಿ ಮಾಡಿದ್ದರು. ಒಂದರಲ್ಲಿ ಮೊದಲು ಬಂದದ್ದು ಇನ್ನೊಂದರಲ್ಲಿ ಕೊನೆ. ಓದಿ ಓದಿ ತಲೆ ಚಿಟ್ಟು ಹಿಡಿದು, ಕೊನೆಗೆ ಚಿತ್ರ ನೋಡಿ ಆರಿಸಿದೆ. ಒಂದಕ್ಕೆ ಗುರಾಣಿ, ಒಂದಕ್ಕೆ ಹದ್ದು, ಒಂದಕ್ಕೆ ಸಿಂಹ. ಮೂರೂ ಚೆನ್ನಾಗಿದ್ದವು. ಒಬ್ಬ ಕಾವಲುಗಾರ ತೂಕಡಿಸಬಹುದು, ಮೂವರೂ ಒಟ್ಟಿಗೆ ತೂಕಡಿಸುವುದು ಸಾಧ್ಯವೆ? ಮೂರನ್ನೂ ಹಾಕಿದೆ.

ಅವು ತೂಕಡಿಸಲಿಲ್ಲ, ನಿಜ. ಗುರಾಣಿ ಎದ್ದು ಸಿಂಹವನ್ನು ಸಂಶಯಾಸ್ಪದ ಎಂದಿತು. ಸಿಂಹ ಹದ್ದನ್ನು ಹಿಡಿದು ಒಳಗೆ ಹಾಕಿತು. ಹದ್ದು ಒಳಗಿನಿಂದಲೇ ಗುರಾಣಿಯ ಮೇಲೆ ದೂರು ಕೊಟ್ಟಿತು. ಈ ಜಗಳದಲ್ಲಿ ಕಂಪ್ಯೂಟರ್ ಕುಲುಮೆಯಾಯಿತು. ಫ್ಯಾನಿನ ಸದ್ದಿಗೆ ಅತ್ತೆ ಬಂದು ಹಿಟ್ಟಿನ ಗಿರಣಿ ಯಾವಾಗ ಇಟ್ಟಿರಿ ಎಂದು ವಿಚಾರಿಸಿ ಹೋದರು. ಒಂದು ಗಂಟೆ ಬೆವರು ಸುರಿಸಿ ಗುರಾಣಿ, ಹದ್ದು ಎರಡನ್ನೂ ಕಿತ್ತುಹಾಕಿದೆ.

ಉಳಿದ ಸಿಂಹಕ್ಕೆ ಕನ್ನಡ ಬರುತ್ತಿತ್ತು. ಭಾಷಾಭಿಮಾನದಿಂದ ಕನ್ನಡವನ್ನೇ ಒತ್ತಿದೆ. ಹತ್ತು ನಿಮಿಷ ಗುರುಗುಟ್ಟಿ ಅದು, ಇಂಗ್ಲಿಷಿನಲ್ಲಿ ‘ವರ್ಮ್’ ಎನ್ನುವ ವೈರಸ್ಸನ್ನೂ ಕನ್ನಡಕ್ಕೆ ತಂದು, ವರದಿ ಒಪ್ಪಿಸಿತು: “ನಿಮ್ಮ ಗಣಕಯಂತ್ರದಲ್ಲಿ ಹುಳ ಪತ್ತೆಯಾಗಿದೆ.”

ಎಲ್ಲಿ ಎಂದು ಅದು ಹೇಳುವ ತನಕ ಕಾಯುವ ತಾಳ್ಮೆ ನನಗೆಲ್ಲಿಯದು? ಹುಡುಕುವ ಜಾಗದಲ್ಲಿ ನಾನೇ ‘ಹುಳ’ ಎಂದು ಟೈಪ್ ಮಾಡಿದೆ. ಸಿಕ್ಕಿತು! ಒಂದಲ್ಲ, ಒಂದು ಇಡೀ ಫೋಲ್ಡರ್, ಹೆಸರೇ ‘ಹುಳಗಳು’. ತೆರೆದರೆ ಒಳಗೆ ಸಾಲಾಗಿ ಎರೆಹುಳ, ಕಂಬಳಿಹುಳ, ರೇಷ್ಮೆಹುಳ, ಮಿಂಚುಹುಳ, ಒಟ್ಟು ಹನ್ನೆರಡು. ಹೆಸರು ಹಾಕಿಕೊಂಡು ಸಂಸಾರ ಹೂಡಿದ್ದವು! ಹೆಂಡತಿಯ ಪೆನ್‌ಡ್ರೈವ್ ಪಕ್ಕದಲ್ಲೇ ಸಿಕ್ಕಿಸಿತ್ತು. ಅಲ್ಲಿಯೂ ಅದೇ ಹನ್ನೆರಡು. ಸೋಂಕು ಹರಡಿದ್ದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಸಿಂಹದ ಬಳಿ ಕಡತವನ್ನು ಮತ್ತೆ ಸಿಗದಂತೆ ಚೂರುಚೂರು ಮಾಡುವ ಸೌಲಭ್ಯವಿತ್ತು. ಮೊದಲು ಮಿಂಚುಹುಳವನ್ನು ಅದರ ಬಾಯಿಗೆ ಹಾಕಿದೆ. ಅಗಿಯಲು ಐದು ನಿಮಿಷ ತೆಗೆದುಕೊಂಡಿತು. ಇನ್ನು ಹನ್ನೊಂದಕ್ಕೆ ಕಾಯುತ್ತ ಕೂರುವವರಾರು? ಉಳಿದವನ್ನು ಮಾಮೂಲಿಯಾಗಿ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಪೆನ್‌ಡ್ರೈವನ್ನು ಪೂರ್ತಿ ಒರೆಸಿ, ಮುನ್ನೆಚ್ಚರಿಕೆಗೆಂದು ಸಿಂಹವನ್ನೇ ಅದರ ತುಂಬ ತುಂಬಿಸಿದೆ. ಆಮೇಲೆ ಕೈ ತೊಳೆದು ಬಂದೆ. ಏಕೆ ತೊಳೆದೆನೋ ಗೊತ್ತಿಲ್ಲ.

ಇಸ್ಪೀಟಿನ ಹೊತ್ತಿಗೆ ಸರಿಯಾಗಿ ಅತ್ತೆ ಬಂದು ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತು ಅದನ್ನಿದನ್ನು ಒತ್ತಿ ನನ್ನ ಕಡೆ ತಿರುಗಿದರು.

“ಅಳಿಯಂದ್ರೇ, ಹುಳ ಎಲ್ಲಿ ಹೋದ್ವು?”

“ಸಾಯಿಸಿದೆ,” ಎಂದೆ, ಎದೆಯುಬ್ಬಿಸಿ.

“ಅಯ್ಯೋ, ಅದು ಅವಳ ಪುಸ್ತಕ ಅಲ್ವಾ? ಆಟಕ್ಕೆ ಮುಂಚೆ ಆ ಮಿಂಚುಹುಳಾನ ದಿನಾ ಒಂದ್ಸಲ ನೋಡ್ತಿದ್ದೆ. ಆ ಬೆಳಕಿಗೇ ಒಂದು ತಿಂಗಳು ಕೂತಿದ್ಲು.”

ನನ್ನ ಮುಖ ಹುಳ್ಳಹುಳ್ಳಗಾಯಿತು. ಆ ಗಳಿಗೆಯಲ್ಲೂ ಆ ಪದದಲ್ಲೊಂದು ‘ಹುಳ’ ಇರುವುದು ಹೊಳೆದು ಇನ್ನಷ್ಟು ಸಂಕಟವಾಯಿತು. ಎರಡು ವರ್ಷದಿಂದ ಅವಳು “ಹೇಗಿದೆ ನೋಡಿ” ಎಂದಾಗಲೆಲ್ಲ ಪೇಪರಿನಿಂದ ತಲೆ ಎತ್ತದೆ “ಬಹಳ ಚೆನ್ನಾಗಿದೆ” ಎಂದಿದ್ದೆ. ಪುಸ್ತಕ ಹೂವಿನ ಬಗ್ಗೆ ಎಂದೇ ನಾನು ತಿಳಿದಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಗತಿಯಿಲ್ಲ.

ನಮ್ಮ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಮೇಡಮ್ಮಿಗೆ ಫೋನ್ ಮಾಡಿದೆ. ನಡೆದದ್ದನ್ನು ನಾಲ್ಕು ತೊದಲು ಮಾತಿನಲ್ಲಿ ಹೇಳಿದೆ. ಆಕೆಯ ಮೊದಲ ಮಾತು: “ಸರ್, ಮೊದಲು ಕೈ ತೆಗೀರಿ. ಇನ್ನು ಕಂಪ್ಯೂಟರ್ ಮುಟ್ಟಬೇಡಿ.” ಬೆಳಿಗ್ಗೆಯಿಂದ ಇದು ಮೂರನೆಯ ಸಲ. ಅದನ್ನು ಆರಿಸಿ, ಹಾಗೆಯೇ ಆಫೀಸಿಗೆ ಎತ್ತಿಕೊಂಡು ಬನ್ನಿ ಎಂದರು.

ಕಂಪ್ಯೂಟರಿನ ಡಬ್ಬವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದೆ. ನನ್ನ ಮುಖ ನೋಡಿಯೋ ಏನೋ, ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟರು.

“ಏನಾಗಿದೆಯಪ್ಪಾ ಮಗೂಗೆ?”

“ವೈರಸ್ಸು,” ಎಂದೆ.

ಅಜ್ಜಿ ಎದ್ದು ಮುಂದಿನ ಸೀಟಿಗೆ ಹೋದರು. ಎಂಟು ನಿಲ್ದಾಣ ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಎರೆಹುಳ, ಕಂಬಳಿಹುಳ, ರೇಷ್ಮೆಹುಳ ಎಂದು ಒಂದೊಂದನ್ನೇ ನೆನೆಯುತ್ತ ಕೂತಿದ್ದೆ.

ಮೇಡಂ ಒಂದೂವರೆ ಗಂಟೆ ಕೆಲಸ ಮಾಡಿದರು. ಹಳೆಯ ಕಂಪ್ಯೂಟರ್ ಆದದ್ದೇ ಒಳ್ಳೆಯದಾಯಿತು, ಅಳಿಸಿದ್ದು ಇನ್ನೂ ಒಳಗೇ ಉಳಿದಿದೆ ಎಂದರು. ಹುಳಗಳು ಒಂದೊಂದಾಗಿ ತೆವಳಿ ಹೊರಬಂದವು. ಆಗ ನಾನು ಅವನ್ನು ಮೊದಲ ಸಲ ನೋಡಿದೆ. ಕಂಬಳಿಹುಳ ಎಲೆಯಂಚಿನಲ್ಲಿ ಕೂತು ಮುಂದೇನು ಎಂದು ಯೋಚಿಸುತ್ತಿತ್ತು. ಎರೆಹುಳಕ್ಕೆ ಮಣ್ಣಿನೊಳಗೊಂದು ಪುಟ್ಟ ಮನೆ, ಮನೆಗೊಂದು ಚಾಪೆ. ಇಷ್ಟು ಚಂದದ ಪುಸ್ತಕ ನನ್ನ ಮನೆಯಲ್ಲೇ ಹುಟ್ಟುತ್ತಿತ್ತು, ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಹನ್ನೊಂದು ಬಂದವು. ಮಿಂಚುಹುಳ ಮಾತ್ರ ಬರಲಿಲ್ಲ. ಸಿಂಹ ಅಗಿದದ್ದು ಯಾರಿಗೂ ಸಿಗುವುದಿಲ್ಲ ಎಂದರು ಮೇಡಂ. ಪೆನ್‌ಡ್ರೈವಿನಲ್ಲೂ ಸಿಂಹವೇ ಮಲಗಿತ್ತು.

ನಿಜವಾದ ಕಳ್ಳ ಆಮೇಲೆ ಸಿಕ್ಕಿದ. ಹೋದ ವರ್ಷ ಯಾರೋ ಪುಕ್ಕಟೆ ಕೊಟ್ಟರೆಂದು ಹಾಕಿಕೊಂಡಿದ್ದ, ಕಂಪ್ಯೂಟರಿನ ವೇಗ ಹೆಚ್ಚಿಸುವ ತಂತ್ರಾಂಶವೊಂದಿತ್ತು. ಕಾರು ಹಂಚುತ್ತಿದ್ದದ್ದು ಅದೇ. ಅದನ್ನು ಕಿತ್ತುಹಾಕಿ, ಹಾಕಿದ್ದು ಯಾರು ಎಂದು ಮೇಡಂ ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಹೊರಡುವಾಗ ಆಕೆ ಹೇಳಿದ್ದಿಷ್ಟು: ಕಾವಲಿಗೆ ಒಂದೇ ಸಾಕು, ಅದನ್ನು ಆಗಾಗ ಹೊಸದು ಮಾಡುತ್ತಿರಿ, ಮುಖ್ಯವಾದದ್ದರ ಒಂದು ಪ್ರತಿ ನಿಮ್ಮ ಕೈಗೆ ಸಿಗದ ಜಾಗದಲ್ಲಿರಲಿ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಹೆಂಡತಿ ಖಾಲಿ ಮೇಜಿನ ಮುಂದೆ ಕೂತಿದ್ದಳು. ಅತ್ತೆ ಎಲ್ಲವನ್ನೂ ಹೇಳಿಯಾಗಿತ್ತು. ನಾನು ಡಬ್ಬ ಇಳಿಸಿ, ತಂತಿ ಸಿಕ್ಕಿಸಿ, ಹನ್ನೊಂದನ್ನು ತೋರಿಸಿ, ಹನ್ನೆರಡನೆಯದನ್ನು ನಾನೇ ಕೊಂದೆ ಎಂದು ತಲೆ ತಗ್ಗಿಸಿದೆ. ಪುಸ್ತಕ ಹೂವಿನದೆಂದು ತಿಳಿದಿದ್ದೆನೆಂಬುದನ್ನೂ ಹೇಳಿಬಿಟ್ಟೆ.

ಅವಳ ಕಣ್ಣು ತುಂಬಿತ್ತು.

“ಒಂದು ತಿಂಗಳ ಬೆಳಕು ಅದು. ಐವತ್ತು ನಿಮಿಷದಲ್ಲಿ ಬರಲ್ಲ,” ಎಂದಳು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನೇ ನೋಡತೊಡಗಿದಳು. ಹೊದಿಕೆ ಹೆಗಲ ಮೇಲಿತ್ತು, ಕೂದಲು ಕೆದರಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. “ಅಲ್ಲಿ ಕೂತ್ಕೊಳ್ಳಿ. ಅಲ್ಲಾಡಬೇಡಿ.”

ಕೂತೆ. ಅವಳು ಬರೆದಳು. ಕಂಪ್ಯೂಟರ್ ಈಗ ಚುರುಕಾಗಿತ್ತು, ಗೆರೆ ಕೈಯ ಜೊತೆಗೇ ಓಡುತ್ತಿತ್ತು. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಹನ್ನೆರಡು ಪುಟವೂ ಹೋದವು. ಏನು ಬರೆದೆ ಎಂದರೆ ಪುಸ್ತಕ ಬಂದಾಗ ನೋಡಿ ಎಂದಳು.

ಮೂರು ತಿಂಗಳಿಗೆ ಪುಸ್ತಕ ಬಂತು. ಮುಖಪುಟದ ಮೇಲಿನ ಅವಳ ಹೆಸರನ್ನು ಅತ್ತೆಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. ಪೇಪರ್ ಮಡಿಸಿಟ್ಟು ಒಂದೊಂದೇ ಪುಟ ನೋಡುತ್ತ ಕೊನೆಗೆ ಬಂದೆ. ಅಲ್ಲೊಂದು ಹುಳ. ಕನ್ನಡಕ, ಮೀಸೆ, ಹೆಗಲ ಮೇಲೆ ಹೊದಿಕೆಯಂಥ ರೆಕ್ಕೆ, ಎದೆಗವಚಿಕೊಂಡ ಒಂದು ದೊಡ್ಡ ಡಬ್ಬ. ಕೆಳಗೆ ದಪ್ಪ ಅಕ್ಷರದಲ್ಲಿ: “ಇದು ಮನೆಹುಳ. ತನಗೆ ಎಲ್ಲ ಗೊತ್ತು ಎಂದು ಗುಂಯ್‌ಗುಡುತ್ತದೆ. ಬೆಳಕು ಕೊಡುವುದಿಲ್ಲ. ಆದರೆ ಭಾರ ಹೊರುತ್ತದೆ. ಓಡಿಸಬೇಡಿ.”

ಹೋಲಿಕೆಯಲ್ಲಿ ತಪ್ಪೇನಿಲ್ಲ, ಮೀಸೆ ಮಾತ್ರ ಒಂಚೂರು ಜಾಸ್ತಿಯಾಯಿತು ಎಂಬುದು ಅತ್ತೆಯ ತೀರ್ಪು.

ನಿನ್ನೆ ಪ್ರಕಾಶಕಿ ಫೋನ್ ಮಾಡಿದ್ದರು. ಮಕ್ಕಳಿಗೆಲ್ಲ ಹನ್ನೆರಡನೆಯ ಹುಳವೇ ಇಷ್ಟವಂತೆ. ಮುಂದಿನ ಪುಸ್ತಕ ಪೂರ್ತಿ ಅದರ ಸಾಹಸಗಳ ಮೇಲೇ ಆಗಬೇಕಂತೆ. ಹೆಂಡತಿ ಫೋನಿಟ್ಟು, ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ತಾನೇ ನನಗಾಗಿ ಎಳೆದಳು.

“ರೀ, ಇವತ್ತು ಒಂದರ್ಧ ಗಂಟೆ ಕಂಪ್ಯೂಟರ್ ಮುಟ್ಟಿ. ನಂಗೆ ಕಥೆ ಬೇಕು.”