ಹಾಲಿನ ಅತ್ತೆಯ ಹೆಸರು

ಕಸ ಹಾಕುವ ದಿನ ಮನುಷ್ಯನ ಬಾಳಿನಲ್ಲಿ ದೊಡ್ಡದೇನೂ ನಡೆಯಲಾರದು ಎಂದು ನಾನು ಬಹುಕಾಲ ನಂಬಿದ್ದೆ. ಆ ಮಂಗಳವಾರವೂ ಸುಡಬಹುದಾದ ಕಸ ಹಾಕುವ ದಿನ. ಜಪಾನಿನಲ್ಲಿ ನಾವಿರುವ ವಾಕೋ ಊರಿನ ಬೀದಿಯಲ್ಲಿ ಕಸದ ಚೀಲಗಳಿಗೆ ಕಾಗೆಗಳು ಎರಗದಂತೆ ನೀಲಿ ಬಲೆ ಹೊದಿಸಬೇಕು; ಲಾರಿ ಬಂದು ಹೋದ ಮೇಲೆ ಅದನ್ನು ತೊಳೆದು ಮಡಚಿಡಬೇಕು. ವಾರಕ್ಕೊಂದು ಮನೆಯಂತೆ ಸರದಿ. ಆ ವಾರ ನಮ್ಮದು. ನಾನು ಬಲೆಯೊಳಗೆ ಕಾಲು ಸಿಕ್ಕಿಸಿಕೊಂಡು ನಿಂತಿದ್ದೆ. ಕಂಬದ ಮೇಲಿನ ಕಾಗೆ ನನ್ನನ್ನು ಹೊಸ ಬಗೆಯ ಕಸವೆಂಬಂತೆ ನೋಡುತ್ತಿತ್ತು. ರೈಲಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಬಂದ ನನ್ನ ಹೆಂಡತಿ ನಿಂತು ನಕ್ಕಳು.

“ರೀ, ಆಯಮ್ಮ ಒಂದು ಊರನ್ನೇ ಸರಿ ಮಾಡಿದ್ಲು. ನಿಮ್ಮ ಕೈಲಿ ಒಂದು ಬಲೆ ಸರಿ ಮಾಡಕ್ಕಾಗಲ್ವಾ?”

“ಯಾವಮ್ಮ?”

“ಹಾಲಿನ ಅತ್ತೆ. ಹೆಸರು ಸಿಕ್ತು ಕಣ್ರೀ, ಕೊನೆಗೂ.”

“ಏನಂತೆ?”

“ಊಹೆ ಮಾಡಿ, ಸಂಜೆ ಹೇಳ್ತೀನಿ. ಸರಿಯಾಗಿದ್ರೆ ಈ ವಾರ ಪೂರ್ತಿ ಬಲೆ ನಂದು.”

ಅಷ್ಟು ಹೇಳಿ ಹೋದಳು. ಮಧ್ಯಾಹ್ನ ಅವಳ ಕಾಲೇಜಿನಿಂದ ಫೋನು ಬಂತು. ಪಾಠ ಮಾಡುತ್ತಿದ್ದಾಗಲೇ ಕುಸಿದಳಂತೆ, ಮಿದುಳಿನಲ್ಲಿ ರಕ್ತಸ್ರಾವ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ನನ್ನ ಊಹೆಗಳನ್ನು ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮರುದಿನ ಹೋದಳು.

ಹಾಲಿನ ಅತ್ತೆ ನಮ್ಮ ಅತ್ತೆಯಲ್ಲ, ಅಮೆರಿಕದವಳು. ನನ್ನ ಹೆಂಡತಿ ಚರಿತ್ರೆ ಓದಿದವಳು. ನಾನು ಡಿಪ್ಲೊಮಾ ಮುಗಿಸಿ ಇಲ್ಲಿನ ಸಂಶೋಧನಾಲಯದಲ್ಲಿ ವ್ಯಾಕ್ಯೂಮ್ ಪಂಪು ರಿಪೇರಿ ಮಾಡುವವನು. ವಿಜ್ಞಾನಿಗಳು ಏನು ಕಂಡುಹಿಡಿಯುತ್ತಾರೋ ಗೊತ್ತಿಲ್ಲ, ಪಂಪು ಸದ್ದು ಮಾಡಿದರೆ ನನ್ನನ್ನು ಕಂಡುಹಿಡಿಯುತ್ತಾರೆ. ಅವಳ ವಿಷಯ ಅಮೆರಿಕದ ಬಯಲುಸೀಮೆಯ ಸಣ್ಣ ಊರುಗಳು, ಅಲ್ಲಿ ನೂರು ವರ್ಷದ ಹಿಂದೆ ಊರ ಕೆಲಸಕ್ಕೆ ಇಳಿದ ಹೆಂಗಸರು. ಅಮೆರಿಕದವರ ಬಗ್ಗೆ ಓದುವುದಕ್ಕೆ ದಾವಣಗೆರೆಯಿಂದ ಜಪಾನಿಗೆ ಯಾಕೆ ಹೋಗಬೇಕು ಎಂದು ನಮ್ಮ ತಂದೆ ಕೇಳಿದ್ದರು. ಅದಕ್ಕೆ ಅವಳು ಏನೋ ಹೇಳಿದಳು. ತಂದೆಗೂ ನನಗೂ ಅರ್ಥವಾಗಲಿಲ್ಲ, ಇಬ್ಬರೂ ತಲೆಯಾಡಿಸಿದೆವು.

ಆ ಹೆಂಗಸರು ನಮ್ಮ ಮನೆಯಲ್ಲಿ ನೆಂಟರ ಹಾಗೆ ಇದ್ದರು. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಅವಳಿಗೆ ಬಾರದು. ಸತ್ತು ಎಷ್ಟೋ ಕಾಲವಾದ ಅಮೆರಿಕದವರಿಗೂ ಅದೇ ಮರ್ಯಾದೆ. ಕುದುರೆ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹೊಲದ ಮನೆಗಳಿಗೆಲ್ಲ ಹಂಚಿ ಬರುತ್ತಿದ್ದವಳು ಗಾಡಿ ಚಿಕ್ಕಮ್ಮ. ಸಂತೆಗೆ ಬಂದ ರೈತ ಹೆಂಗಸರು ಮಗುವಿಗೆ ಹಾಲೂಡಿಸಲು ಜಾಗವಿಲ್ಲದೆ ಬೀದಿಯಲ್ಲಿ ನಿಲ್ಲುವುದನ್ನು ನೋಡಿ, ಊರ ಆಡಳಿತದವರನ್ನು ಕಾಡಿ ಒಂದು ಕೋಣೆ ತೆರೆಸಿದವಳು ಕೋಣೆ ದೊಡ್ಡಮ್ಮ. ಹಾಲಿನ ಅತ್ತೆಯದು ಇನ್ನೂ ಜೋರು. ಊರಿನಲ್ಲಿ ಕೆಟ್ಟ ಹಾಲು ಕುಡಿದು ಮಕ್ಕಳು ಸಾಯುತ್ತಿದ್ದರೆ ಪುರಸಭೆಯವರು ನೋಡೋಣ ನೋಡೋಣ ಎನ್ನುತ್ತಿದ್ದರಂತೆ. ಅತ್ತೆ ಒಂದು ದಿನ ಅವರ ಸಭೆಗೇ ಕಾಫಿ ಮಾಡಿಕೊಂಡು ಹೋದಳು. ಎಲ್ಲರೂ ಲೋಟ ಎತ್ತಿದಾಗ, ಹಾಲು ಎಲ್ಲಿಂದ ತಂದದ್ದೆಂದು ಮೆಲ್ಲಗೆ ಹೇಳಿದಳು. ಲೋಟಗಳು ಕೆಳಗಿಳಿದವು. ಹಾಲಿನ ಕಾನೂನು ಆ ಸಂಜೆಯೇ ಬಂತು. ನಾನು ಫ್ರಿಜ್ಜಿನ ಬಾಗಿಲು ಹಾಕಲು ಮರೆತಾಗಲೆಲ್ಲ ಈ ಕಥೆ ನನ್ನ ಮೇಲೆ ಪ್ರಯೋಗವಾಗುತ್ತಿತ್ತು.

ಆದರೆ ಅವಳ ನಿಜವಾದ ಕೆಲಸ ಹೆಸರು ಹುಡುಕುವುದು. ಆ ಊರುಗಳ ಹಳೆಯ ಪತ್ರಿಕೆಗಳಲ್ಲಿ ಇವರೆಲ್ಲ ಗಂಡನ ಹೆಸರಿನ ಹಿಂದೆ ನಿಂತಿದ್ದರು. ಹಾಲಿನ ಅತ್ತೆ ಬರೀ ಮಿಸೆಸ್ ಹೆನ್ರಿ. “ಕಾಫಿ ಮಾಡಿದ್ದು ಹೆನ್ರಿನಾ?” ಎಂದು ಅವಳು ಊಟದ ಮೇಜಿನಲ್ಲಿ ನನ್ನನ್ನು ಕೇಳುತ್ತಿದ್ದಳು, ನಾನೇ ಹೆನ್ರಿ ಎಂಬಂತೆ.

ಶರತ್ಕಾಲ ಬಂದಾಗ ನಮ್ಮ ಬೀದಿಯ ಹಿರಿಯರಾದ ಮೋರಿತಾ ಸಾನ್ ಬಾಗಿಲಿಗೆ ಬಂದು ತಲೆಬಾಗಿದರು. ಬೀದಿಯ ಹೆಂಗಸರಿಗೆ ಸಮುದಾಯ ಭವನದಲ್ಲಿ ಈ ಕಥೆಗಳನ್ನು ಹೇಳುವುದಾಗಿ ನನ್ನ ಹೆಂಡತಿ ಒಪ್ಪಿಕೊಂಡಿದ್ದಳಂತೆ. ಎಲ್ಲರೂ ಕಾಯುತ್ತಿದ್ದಾರೆ, ನೀವು ಹೇಳಬಹುದೇ ಎಂದರು. ನಾನು ಗಾಬರಿಯಲ್ಲಿ ಸುಮಿಮಾಸೆನ್ ಎಂದೆ. ಆಗುವುದಿಲ್ಲ, ಕ್ಷಮಿಸಿ ಎಂಬುದು ನನ್ನ ಭಾವ; ಆ ಮಾತಿಗೆ ಧನ್ಯವಾದ ಎಂಬ ಅರ್ಥವೂ ಇದೆ. ಅವರು ಸಂತೋಷಪಟ್ಟು ಒಂದು ಡಬ್ಬ ಪರ್ಸಿಮನ್ ಹಣ್ಣು ಕೊಟ್ಟು ಹೋದರು. ಹಣ್ಣು ತಿಂದ ಮೇಲೆ ಹಿಂದೆ ಸರಿಯುವಂತಿರಲಿಲ್ಲ.

ಅವಳ ಸಹೋದ್ಯೋಗಿಯೊಬ್ಬರು ಕಾಗದ ಪತ್ರ, ಕಂಪ್ಯೂಟರು ಎಲ್ಲ ನೋಡಿ ಉಳಿದವರ ಹೆಸರು ತಿಳಿಸಿದರು. ಹಾಲಿನ ಅತ್ತೆ ಮಾತ್ರ ಅಲ್ಲೂ ಮಿಸೆಸ್ ಹೆನ್ರಿಯೇ. ಆ ಹೆಸರು ನನ್ನ ಹೆಂಡತಿಗೆ ಎಲ್ಲಿ ಸಿಕ್ಕಿತೋ ಅವರಿಗೂ ತಿಳಿಯಲಿಲ್ಲ. ಸಿಕ್ಕಿದ್ದನ್ನು ಮೊದಲು ಯಾರಿಗಾದರೂ ಬಾಯಲ್ಲಿ ಹೇಳಿ, ಆಮೇಲೆ ಬರೆದಿಡುವುದು ಅವಳ ರೂಢಿ. ಆ ಯಾರಾದರೂ ಎಂಬುವನು ನಾನು.

ಭವನದಲ್ಲಿ ಹಸಿರು ಚಹಾ ಮುಂದಿಟ್ಟುಕೊಂಡು ಅಜ್ಜಿಯರು ಸಾಲಾಗಿ ಕೂತಿದ್ದರು. ನನ್ನ ಮುರುಕು ಜಪಾನೀಸನ್ನು ಕಾಲೇಜಿಗೆ ಹೋಗುವ ಮಗಳು ನಿಧಿ ಪಕ್ಕದಲ್ಲಿ ಕೂತು ರಿಪೇರಿ ಮಾಡುತ್ತಿದ್ದಳು. ಕಾಫಿಯ ಕಥೆಗೆ ಅಜ್ಜಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬ್ಬರು ಚಹಾದ ಬಟ್ಟಲನ್ನು ಅನುಮಾನದಿಂದ ನೋಡಿದರು. ಮೋರಿತಾ ಸಾನ್ ಕೇಳಿದರು: “ಆಕೆಯ ಹೆಸರೇನು?”

“ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು.”

ಅವರು ಬಟ್ಟಲನ್ನು ಕೆಳಗಿಟ್ಟರು. “ಹಾಗಾದರೆ ನಿಮ್ಮ ಹೆಂಡತಿಯ ಹೆಸರು? ಇಷ್ಟು ವರ್ಷ ನಾವು ನಿಮ್ಮ ಮನೆತನದ ಹೆಸರು ಹಿಡಿದೇ ಕರೆದೆವು.”

ನಾನು ಬಾಯಿ ತೆರೆದೆ. ಮದುವೆಯಾದಾಗಿನಿಂದ ನಾನು ಅವಳನ್ನು ಕರೆದದ್ದೇ ಹಾಗೆ. ಬಾಯಿಗೆ ಬಂದದ್ದೂ ಅದೇ. “ಇವಳೇ.”

“ಇವರೇ ಸಾನ್,” ಎಂದು ಳಕಾರ ಹೊರಳದ ಅಜ್ಜಿಯರು ತಮ್ಮ ಮರ್ಯಾದೆಯ ಸಾನ್ ಸೇರಿಸಿ ಭಕ್ತಿಯಿಂದ ಹೇಳಿದರು.

“ಅಪ್ಪಾ, ಪ್ಲೀಸ್. ದಟ್ ಈಸ್ ನಾಟ್ ಹರ್ ನೇಮ್,” ಎಂದಳು ನಿಧಿ. ಆಮೇಲೆ ಬೋರ್ಡಿನ ಮೇಲೆ ಜಪಾನಿ ಅಕ್ಷರದಲ್ಲಿ ದೊಡ್ಡದಾಗಿ ಅಮ್ಮನ ಹೆಸರು ಬರೆದಳು: ವಿಶಾಲಾಕ್ಷಿ. ಅಜ್ಜಿಯರು ಒಂದೊಂದೇ ಅಕ್ಷರ ಕೂಡಿಸಿ “ಬಿಶಾರಾಕುಶಿ ಸಾನ್” ಎಂದರು. ಒಬ್ಬರಿಗೆ ಸರಿಬರಲಿಲ್ಲವೆಂದು ಎಲ್ಲರೂ ಮತ್ತೊಮ್ಮೆ ಹೇಳಿದರು. ನಾನು ಚಹಾದ ಬಟ್ಟಲು ನೋಡುತ್ತಾ ಕೂತೆ.

ಈಗ ಬಲೆಯ ಸರದಿ ಬಂದಾಗ ನಾನು ಕಾಲು ಸಿಕ್ಕಿಸಿಕೊಳ್ಳುವುದಿಲ್ಲ. ಹೊದಿಸುವುದು, ತೊಳೆಯುವುದು, ಮಡಚುವುದು ಎಲ್ಲ ಬರುತ್ತದೆ. ಕಾಗೆಗೆ ನನ್ನಲ್ಲಿದ್ದ ಆಸಕ್ತಿ ಹೋಗಿದೆ. ಕೆಲಸ ಮಾಡುತ್ತಾ ನಾನು ಹಾಲಿನ ಅತ್ತೆಗೆ ಮಾರ್ಥಾ, ಎಡ್ನಾ, ಕ್ಲಾರಾ ಎಂದು ಒಂದೊಂದೇ ಹೆಸರು ಹೇಳಿನೋಡುತ್ತೇನೆ. ಇಷ್ಟರಲ್ಲಿ ಒಂದಾದರೂ ಸರಿಯಾಗಿರಬೇಕು, ಬಲೆ ಅವಳ ಪಾಲಿಗೆ ಹೋಗಿರಬೇಕು. ಹೌದು ಎನ್ನುವುದಕ್ಕೆ ಇವಳಿಲ್ಲ.