ಬೈಕು ನಿಲ್ಲುವ ಮುನ್ನವೇ ಇಳಿದವನು

ಮೋಟರ್‌ಸೈಕಲ್ ಓಡಿಸುವುದೇನು ಮಹಾ ವಿದ್ಯೆ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದವನು. ಮುಂಬಯಿಯ ಲೋಕಲ್ ಗಾಡಿಯ ಬಾಗಿಲಲ್ಲಿ ಒಂದು ಕಾಲು ಊರಿ, ಒಂದು ಕೈಯಲ್ಲಿ ಕಂಬ ಹಿಡಿದು, ಉಳಿದ ಭಾರವನ್ನು ದೇವರ ಮೇಲೆ ಹಾಕಿ ಅರ್ಧ ಆಯುಷ್ಯ ಕಳೆದವನಿಗೆ ಎರಡು ಚಕ್ರದ ಮೇಲೆ, ಅದೂ ಕೂತುಕೊಂಡು ಹೋಗುವುದು ಕಷ್ಟವೇ? ಐವತ್ತು ದಾಟಿದ ಮೇಲೆ ಈ ನಂಬಿಕೆ ಪರೀಕ್ಷೆಗೆ ಬಂತು.

ಅದಕ್ಕೆ ಕಾರಣ ನನ್ನ ಹೆಂಡತಿ ಶಕುಂತಲಾ. ನಮ್ಮ ಮನೆ ಜೋಗೇಶ್ವರಿಯಲ್ಲಿ, ಇಬ್ಬರ ನೌಕರಿಯೂ ಸಾಂತಾಕ್ರೂಜ್‌ನಲ್ಲಿ. ಬೆಳಿಗ್ಗೆ ಜೊತೆಯಾಗಿಯೇ ಬಾಗಿಲಿಗೆ ಬೀಗ ಹಾಕುತ್ತೇವೆ, ಜೊತೆಯಾಗಿಯೇ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತೇವೆ. ಗಾಡಿ ಬಂದ ಕೂಡಲೇ ಅವಳು ಹೆಂಗಸರ ಡಬ್ಬಿಗೆ, ನಾನು ಗಂಡಸರ ನೂಕುನುಗ್ಗಲಿಗೆ. ಸಂಜೆಯೂ ಅದೇ ಕತೆ. ನಮ್ಮದು ಒಂದೇ ಗಾಡಿಯ ಎರಡು ಡಬ್ಬಿಗಳ ದಾಂಪತ್ಯ.

ಒಂದು ಸಂಜೆ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆಯೇ ಅವಳು ಹೇಳಿದಳು: "ಇಪ್ಪತ್ತ ವರ್ಷ ಆತು ಒಂದ ಗಾಡ್ಯಾಗ ಹೋಗಾಕತ್ತು. ಒಂದ ದಿನಾನೂ ನಿಮ್ಮ ಬಾಜೂ ಕೂತು ಹೋಗಿಲ್ಲ ನೋಡ್ರಿ."

ದೂರುವ ದನಿಯಲ್ಲಿ ಹೇಳಿದ್ದರೆ ನಾನು ವಾದ ಹೂಡಿ ಗೆಲ್ಲುತ್ತಿದ್ದೆ. ಅವಳು ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದಳು. ಅದು ನೇರವಾಗಿ ಎದೆಗೆ ನಾಟಿತು. ನಾನು ಎದ್ದು ನಿಂತು, ಈ ಕುಟುಂಬ ಶೀಘ್ರದಲ್ಲಿಯೇ ಒಂದು ಮೋಟರ್‌ಸೈಕಲ್ ಖರೀದಿಸಲಿದೆ ಎಂದು ಘೋಷಿಸಿದೆ. ಸ್ಕೂಟರ್ ತೆಗೆದುಕೊಂಡರೆ ಗೇರಿನ ಟೆನ್ಶನ್ನೇ ಇಲ್ಲವಲ್ಲ ಪಪ್ಪಾ ಎಂದು ಮಗಳು ಪೂಜಾ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಸಲಹೆ ಕೊಟ್ಟಳು. ಗೇರಿಗೆ ಹೆದರುವ ವಂಶ ನಮ್ಮದಲ್ಲ ಎಂದೆ. ನಮ್ಮ ವಂಶದಲ್ಲಿ ಗೇರನ್ನು ಮುಟ್ಟಿದವರೇ ಇರಲಿಲ್ಲ, ಆ ಮಾತು ಬೇರೆ.

ಅಂಗಡಿಯಲ್ಲಿ ನಾನು ಸಂಪ್ರದಾಯದಂತೆ ಮೈಲೇಜ್ ಎಷ್ಟು ಎಂದು ಕೇಳಿದೆ, ಟೈರನ್ನು ಒತ್ತಿ ನೋಡಿದೆ, ಏನೋ ತಿಳಿದವನಂತೆ ಎಂಜಿನ್ನಿನ ಕೆಳಗೂ ಬಗ್ಗಿ ನೋಡಿದೆ. ಶಕುಂತಲಾ ಮಾತ್ರ ಹಿಂದಿನ ಸೀಟನ್ನಷ್ಟೇ ಪರೀಕ್ಷೆ ಮಾಡುತ್ತಿದ್ದಳು. ಒಂದು ಬೈಕಿನ ಮೇಲೆ ಸೀರೆ ಸರಿಪಡಿಸಿಕೊಂಡು, ಒಂದೇ ಬದಿಗೆ ಕಾಲು ಹಾಕಿ, ಸೀಟಿನ ತುತ್ತ ತುದಿಯಲ್ಲಿ ಕೂತಳು. ಲೋಕಲ್‌ನಲ್ಲಿ ಮೂರು ಜನರ ಸೀಟಿನ ಅಂಚಿಗೆ ನಾಲ್ಕನೆಯವರಾಗಿ ಅಂಟಿಕೊಂಡು ಕೂರುತ್ತಾರಲ್ಲ, ಥೇಟ್ ಹಾಗೆ. ಅಂಗಡಿಯ ಹುಡುಗಿ ನಕ್ಕು, "ಮ್ಯಾಡಮ್, ಪೂರೀ ಸೀಟ್ ಆಪ್‌ಕೀ ಹೈ" ಎಂದಳು.

ಇಡೀ ಸೀಟು ತನ್ನದೇ ಎಂದು ಕೇಳಿದ ಶಕುಂತಲಾ ಸರಿದು ನಡುವೆ ಕೂತು ನನ್ನ ಮುಖ ನೋಡಿದಳು. ನಾನು ಬಣ್ಣವನ್ನೂ ಕೇಳದೆ ಅದೇ ಬೈಕನ್ನು ತೆಗೆದುಕೊಂಡೆ.

ಗುರುಗಳಾಗಿ ದೊರಕಿದವರು ಮೇಲಿನ ಮಹಡಿಯ ಸದಾಶಿವಣ್ಣ. ಉಡುಪಿ ಕಡೆಯವರು, ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಭಾನುವಾರ ಬೆಳಿಗ್ಗೆ ನಮ್ಮ ಕಡೆಯ ಸಣ್ಣ ಕಾರ್ಖಾನೆಗಳೆಲ್ಲ ಮುಚ್ಚಿರುತ್ತವೆ. ಆ ಖಾಲಿ ಗಲ್ಲಿಯಲ್ಲಿ ಪಾಠ ಆರಂಭವಾಯಿತು. ಕ್ಲಚ್ಚನ್ನು ಮೆಲ್ಲಗೆ ಬಿಡಬೇಕೆಂದು ಅವರು ಹೇಳಿದರು, ನಾನು ಒಮ್ಮೆಲೇ ಬಿಟ್ಟೆ. ಬೈಕು ಕಪ್ಪೆಯಂತೆ ನೆಗೆದು ಸತ್ತಿತು. ಹಲವು ಕಪ್ಪೆಗಳು ಸತ್ತ ಮೇಲೆ ಅದು ನಿಜವಾಗಿಯೂ ಮುಂದಕ್ಕೆ ಓಡಿತು. ಬ್ಯಾಲೆನ್ಸ್ ನೋಡಿ ಸದಾಶಿವಣ್ಣನೇ ಬೆರಗಾದರು. ನಾನು ಗಲ್ಲಿಯ ತುದಿ ಮುಟ್ಟಿ, ತಿರುಗಿ, ವಿಜಯಿಯಾಗಿ ಅವರತ್ತ ಬಂದೆ. ವೇಗ ತಗ್ಗಿಸಿದೆ.

ಆಗ ಒಂದು ಆಶ್ಚರ್ಯ ನಡೆಯಿತು. ವೇಗ ತಗ್ಗುತ್ತಿದ್ದಂತೆ ನನ್ನ ಬಲಗಾಲು ನನ್ನ ಅಪ್ಪಣೆಗೆ ಕಾಯದೆ ಸೀಟನ್ನು ದಾಟಿ ಎಡಕ್ಕೆ ಬಂತು. ನಾನು ಹ್ಯಾಂಡಲ್ ಬಿಟ್ಟೆ, ಇಳಿದೆ, ಬೈಕು ಹೋಗುವ ದಿಕ್ಕಿಗೇ ಮುಖ ಮಾಡಿ ನಾಲ್ಕು ಹೆಜ್ಜೆ ಓಡಿ ಚೊಕ್ಕವಾಗಿ ನಿಂತೆ. ಲೋಕಲ್‌ನಿಂದ ಇಳಿಯುವುದೇ ಹಾಗೆ. ಪೂರ್ತಿ ನಿಲ್ಲುವವರೆಗೆ ಕಾದರೆ ಹತ್ತುವವರು ನಮ್ಮನ್ನು ಮತ್ತೆ ಒಳಗೆ ದಬ್ಬುತ್ತಾರೆ! ನಾನು ಸುರಕ್ಷಿತವಾಗಿ ಇಳಿದೆ. ಬೈಕು ಮಾತ್ರ ಮುಂದಿನ ಸ್ಟೇಷನ್ನಿಗೆ ಹೋಯಿತು. ಪ್ಯಾಕಿಂಗ್ ಕಾರ್ಖಾನೆಯ ಎದುರು ಥರ್ಮೋಕೋಲ್ ರಾಶಿ ಇದ್ದದ್ದು ಪುಣ್ಯ, ಅದರಲ್ಲಿ ಹೊಕ್ಕು ಮಲಗಿತು.

ಸದಾಶಿವಣ್ಣ ನನ್ನನ್ನೂ ರಾಶಿಯನ್ನೂ ಒಮ್ಮೆ ನೋಡಿ, "ನೀವು ಹೀಗೆ ಯಾಕೆ ಹಾರುದು ಮಾರಾಯ್ರೆ? ಬೈಕಿಗೆ ಪ್ಲಾಟ್‌ಫಾರಂ ಉಂಟಾ?" ಎಂದರು.

ಇನ್ನು ಹಾರುವುದಿಲ್ಲ ಎಂದು ಮಾತು ಕೊಟ್ಟೆ. ಮರುವಾರವೂ ಹಾರಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನನ್ನದು ಬರೀ ರೈಲು ಪಾಸಿನ ಗುಣ, ಆದರೂ ಹೋಗಲೊಲ್ಲದು. ಒಮ್ಮೆ ನಮ್ಮ ಬಿಲ್ಡಿಂಗಿನ ಅಂಗಳದಲ್ಲಿ, ಗ್ಯಾಲರಿಯಲ್ಲಿ ನಿಂತ ನೆರೆಹೊರೆಯವರೆಲ್ಲ ನೋಡುತ್ತಿರುವಾಗಲೇ ಇಳಿದು ಓಡಿದೆ. ಬೈಕು ತಾನಾಗಿಯೇ ಹೋಗಿ ವಾಚ್‌ಮನ್ನನ ಖಾಲಿ ಕುರ್ಚಿಯನ್ನು ಉರುಳಿಸಿ ಅದರ ಮೇಲೆ ಪವಡಿಸಿತು. ಚಪ್ಪಾಳೆಗಳೂ ಕೇಳಿಬಂದವು. ಅದೊಂದು ಕಸರತ್ತು ಎಂದು ಕೆಲವರು ತಿಳಿದಿರಬೇಕು.

ಲೈಸೆನ್ಸ್ ಪರೀಕ್ಷೆಯ ದಿನ ಬಂತು. ನೆಲದ ಮೇಲೆ ಬರೆದ ಇಂಗ್ಲಿಷ್ ಎಂಟರ ಗುರುತಿನ ಮೇಲೆ ಕಾಲು ಊರದೆ ಸುತ್ತಿ ಬರಬೇಕು. ನನಗಿಂತ ಮುಂದಿದ್ದ ತರುಣರು ತಡವರಿಸಿದರು. ನಾನು ಕಾಲೂರಲಿಲ್ಲ, ಅಲುಗಲಿಲ್ಲ, ಎಂಟನ್ನು ಮುಗಿಸಿಯೇಬಿಟ್ಟೆ. ಪರೀಕ್ಷೆ ಮಾಡುವ ಸಾಹೇಬರು ಮೆಚ್ಚಿ, ಸಾಕು ಎಂದು ಕೈ ಎತ್ತಿದರು. ಆ ಕೈ ನನಗೆ ಸಾಂತಾಕ್ರೂಜ್ ಸ್ಟೇಷನ್ ಬಂದಂತೆ ಕಂಡಿತೋ ಏನೋ! ಇಳಿದೆ, ಓಡಿದೆ, ಅವರ ಪಕ್ಕದಲ್ಲೇ ಹೋಗಿ ನಿಂತೆ. ಇಬ್ಬರೂ ಕೂಡಿ ಬೈಕು ಬೇಲಿಗೆ ಒರಗುವುದನ್ನು ನೋಡಿದೆವು.

ಸಾಹೇಬರು ಮರಾಠಿಯಲ್ಲಿ, ಕಾಕಾ ದಿನಾ ಲೋಕಲ್‌ನಲ್ಲಿ ಹೋಗುತ್ತೀರಾ ಎಂದು ಶಾಂತವಾಗಿ ಕೇಳಿದರು. ಹೌದೆಂದೆ. ಹಾಗಾದರೆ ಇನ್ನೂ ಸ್ವಲ್ಪ ದಿನ ಅದರಲ್ಲಿಯೇ ಹೋಗಿ ಎಂದರು.

ಅವತ್ತು ನನಗೆ ನಿಜವಾಗಿಯೂ ದುಃಖವಾಯಿತು. ಲೈಸೆನ್ಸ್ ಇಲ್ಲದೆ ಅವಳನ್ನು ಹಿಂದೆ ಕೂರಿಸುವಂತಿಲ್ಲ. ಶಕುಂತಲಾ ದಿನಾ ಬೆಳಿಗ್ಗೆ ಕೆಳಗಿಳಿದು ಬೈಕಿನ ಹಿಂದಿನ ಸೀಟನ್ನಷ್ಟೇ ಒರೆಸಿ, ಆಮೇಲೆ ನನ್ನ ಜೊತೆ ಸ್ಟೇಷನ್ನಿಗೆ ನಡೆಯುತ್ತಿದ್ದಳು. ಅದನ್ನು ನೋಡಲಾಗದೆ, ಮಾರಿಬಿಡೋಣ, ಈ ಕಾಲು ನನ್ನ ಮಾತು ಕೇಳುವುದಿಲ್ಲ ಎಂದೆ.

ಅವಳು ಒರೆಸುವ ಬಟ್ಟೆಯನ್ನು ಕೊಡವಿದಳು. "ಅಲ್ರೀ, ನೀವು ಇನ್ನೂ ಪ್ಯಾಸೆಂಜರ್ ಅದೀನಿ ಅಂತ ತಿಳ್ಕೊಂಡೀರಿ. ಬೈಕಿನ ಮ್ಯಾಲೆ ನೀವು ಮೋಟರ್‌ಮನ್. ಗಾಡಿ ಓಡ್ಸಾಂವ ಅದು ನಿಲ್ಲೂಕಿಂತ ಮೊದಲ ಜಿಗದದ್ದು ಎಲ್ಲೆರ ನೋಡೀರೇನು?"

ನಾನು ಎಲ್ಲಿಯೂ ನೋಡಿರಲಿಲ್ಲ. ಮುಂದಿನ ಭಾನುವಾರ ಗಲ್ಲಿಯಲ್ಲಿ ವೇಗ ತಗ್ಗಿದಾಗಲೆಲ್ಲ ಮೋಟರ್‌ಮನ್, ಮೋಟರ್‌ಮನ್ ಎಂದು ಜಪಿಸಿದೆ. ಬಲಗಾಲು ಒಮ್ಮೆ ಮಿಸುಕಾಡಿತು, ಆಮೇಲೆ ಸುಮ್ಮನಾಯಿತು. ಎರಡನೆಯ ಸಲದ ಪರೀಕ್ಷೆಯಲ್ಲಿ ಅದೇ ಸಾಹೇಬರು ನನ್ನನ್ನು ಕಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ಪಾಸು ಮಾಡಿದರು.

ಹೀಗೆ ಒಂದು ಸೋಮವಾರ ನಾವು ಸ್ಟೇಷನ್ನಿನ ಕಡೆ ತಿರುಗದೆ ನೇರ ರಸ್ತೆ ಹಿಡಿದೆವು. ಶಕುಂತಲಾ ಹೆಲ್ಮೆಟ್ ಹಾಕಿಕೊಂಡು, ನನ್ನ ಭುಜದ ಮೇಲೆ ಒಂದು ಕೈ ಇಟ್ಟು, ಇಡೀ ಸೀಟಿನ ಒಡತಿಯಾಗಿ ಕೂತಿದ್ದಳು. ಅಂಧೇರಿಯ ಗದ್ದಲದಲ್ಲಿ ಸಿಗ್ನಲ್ಲಿಗೊಂದರಂತೆ ತನ್ನ ಡಬ್ಬಿಯ ಕತೆಗಳನ್ನು ಹೇಳಿದಳು. ಅಲ್ಲಿ ಯಾರ ಹುಟ್ಟುಹಬ್ಬಕ್ಕೆ ಏನು ಹಂಚುತ್ತಾರೆ, ಯಾರು ಯಾರಿಗೆ ಸೊಪ್ಪು ಬಿಡಿಸಿಕೊಡುತ್ತಾರೆ ಎಂಬುದೆಲ್ಲ ನನಗೆ ಅವತ್ತೇ ತಿಳಿದದ್ದು. ಇಷ್ಟು ವರ್ಷ ಈ ಹೆಂಗಸು ಪಕ್ಕದ ಡಬ್ಬಿಯಲ್ಲಿ ಇನ್ನೊಂದು ಸಂಸಾರವನ್ನೇ ನಡೆಸಿದ್ದಳು. ನನಗೆ ಎಂಥ ಖುಷಿಯಾಯಿತೆಂದರೆ ಹಾರ್ನ್ ಹೊಡೆಯುವುದನ್ನೂ ಮರೆತೆ. ಸಾಂತಾಕ್ರೂಜ್‌ಗಿಂತ ಒಂದೇ ಸ್ಟೇಷನ್ ಹಿಂದಿನ ವಿಲೇಪಾರ್ಲೆ ದಾಟುವಾಗ ಅವಳು ಸೆರಗು ಸಿಕ್ಕಿಸಿ, ಬ್ಯಾಗನ್ನು ಎದೆಗೆ ಎಳೆದುಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಗಾಳಿ ಜೋರಾಗಿರಬೇಕು ಎಂದುಕೊಂಡೆ.

ಅವಳ ಆಫೀಸಿನ ಗೇಟು ಬಂತು. ಮೋಟರ್‌ಮನ್ ಬ್ರೇಕ್ ಒತ್ತಿದ, ಕ್ಲಚ್ ಹಿಡಿದ, ಎಡಗಾಲನ್ನು ನೆಲಕ್ಕೆ ಊರಿದ. ಗಾಡಿ ಪೂರ್ತಿಯಾಗಿ, ಶಾಸ್ತ್ರೋಕ್ತವಾಗಿ ನಿಂತಿತು. ಮೆಚ್ಚುಗೆ ಸ್ವೀಕರಿಸಲು ಹಿಂದಿರುಗಿ ನೋಡಿದೆ.

ಸೀಟು ಖಾಲಿ!

ಮುಂದೆ ನೋಡಿದರೆ ಶಕುಂತಲಾ ನಾಲ್ಕು ಹೆಜ್ಜೆ ಆಚೆ, ನೆರಿಗೆ ಹಿಡಿದು ಚೊಕ್ಕವಾಗಿ ನಿಂತು ನನಗಾಗಿ ಕಾಯುತ್ತಿದ್ದಳು. ಇದೇನು ಎಂದು ಕೇಳಿದೆ.

"ಯಾಕ್ರೀ? ಮೋಟರ್‌ಮನ್ ನೀವು. ನಾ ಪ್ಯಾಸೆಂಜರ್ ಅದೀನಲ್ಲ," ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬೈಕಿನಿಂದ ಇಳಿದೆ. ಇಳಿಯುವ ಮೊದಲು ಸ್ಟ್ಯಾಂಡ್ ಹಾಕಬೇಕೆಂಬ ನಿಯಮ ನೆನಪಾಗುವಷ್ಟರಲ್ಲಿ ಬೈಕು ನಿಧಾನವಾಗಿ, ಬಹಳ ಗೌರವದಿಂದ, ನನ್ನ ಪಾದದ ಬಳಿ ಅಡ್ಡಬಿತ್ತು. ಅವಳು ಬ್ಯಾಗನ್ನು ಗೇಟಿಗೆ ತೂಗುಹಾಕಿ ಬಂದು ಹಿಂದಿನ ಕಂಬಿ ಹಿಡಿದಳು. "ಹಿಡೀರಿ, ಕೂಡಿ ಎತ್ತೂಣು," ಎಂದಳು. ಯಾವ ಮೋಟರ್‌ಮನ್ನನೂ ಗಾಡಿಗೆ ಸ್ಟ್ಯಾಂಡ್ ಹಾಕಿದ್ದನ್ನು ನಾನು ಕಂಡಿಲ್ಲ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಂಜೆ ಮತ್ತೆ ಅವಳು ನನ್ನ ಹಿಂದೆ ಕೂರಬೇಕಲ್ಲ. ಸುಮ್ಮನೆ ಬಗ್ಗಿ ಹ್ಯಾಂಡಲ್ ಹಿಡಿದೆ.